ಟೀವಿಯೊಳಗೆ ನಮ್ಮೋರು

ನಾವು ಸಿನಿಮಾ ಪಂಡಿತರಲ್ಲ. ಷಾಟು, ಲೆನ್ಸು, ಬೆಳಕು ಎಂದು ಬರೆಯುವವರು ಬೇರೆ ಇದ್ದಾರೆ, ಅವರಿಗೆ ಪತ್ರಿಕೆಗಳೂ ಇವೆ. ನಾವು ನೋಡುವ ಮಂದಿ. ಈಚಿನ ವರ್ಷಗಳಲ್ಲಿ ನಮ್ಮವರ ಬಗ್ಗೆ ಅಂತ ಬಂದ ಸಾಕ್ಷ್ಯಚಿತ್ರ, ಧಾರಾವಾಹಿಗಳನ್ನು ಟೀವಿಯಲ್ಲೋ ಮೊಬೈಲಿನಲ್ಲೋ ಸಿಕ್ಕಷ್ಟು ನೋಡಿದ್ದೇವೆ. ಏನನ್ನಿಸಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅಳೆಯಲು ನಮ್ಮ ಹತ್ತಿರ ಇರುವುದು ಒಂದೇ ಸೇರು. ತೆರೆಯ ಮೇಲೆ ಬರುವ ನಮ್ಮ ಜನ ಬರೀ ಅಳುತ್ತಾರೋ, ಇಲ್ಲಾ ಯೋಚನೆಯನ್ನೂ ಮಾಡುತ್ತಾರೋ?

ಮೊದಲಿಗೆ 'ಮಹಾನಾಯಕ'. ಹಿಂದಿಯಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾದ ಈ ಧಾರಾವಾಹಿ 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ ಕನ್ನಡದ ಮಾತು ಹೊತ್ತು ಬಂತು. ಆ ದಿನಗಳನ್ನು ನೆನೆದುಕೊಳ್ಳಿ. ಲಾಕ್‌ಡೌನು, ಕೂಲಿಯಿಲ್ಲ, ಸ್ಕೂಲಿಲ್ಲ. ಮಾರ್ಚಿ ತಿಂಗಳ ಕೊನೆಯಿಂದ ದೂರದರ್ಶನ ಹಳೆಯ ರಾಮಾಯಣವನ್ನೇ ಮತ್ತೆ ತೋರಿಸುತ್ತಿತ್ತು. ಅದರ ಬೆನ್ನಿಗೆ ಕನ್ನಡದ ಟೀವಿಯಲ್ಲಿ ಅಂಬೇಡ್ಕರರ ಬಾಲ್ಯ ಬಂತು. ಮುಂದೆ ನಡೆದದ್ದು ಯಾವ ವಾಹಿನಿಯ ಲೆಕ್ಕಾಚಾರದಲ್ಲೂ ಇದ್ದಿರಲಾರದು. ಹಳ್ಳಿಹಳ್ಳಿಯಲ್ಲಿ ಕೇರಿಯ ಹುಡುಗರು ಚಂದಾ ಎತ್ತಿ ಧಾರಾವಾಹಿಯ ಫ್ಲೆಕ್ಸ್ ಕಟ್ಟಿದರು. ಸಿನಿಮಾ ನಟರಿಗೂ ಎಮ್ಮೆಲ್ಲೆಗಳಿಗೂ ಮೀಸಲಾಗಿದ್ದ ಜಾಗದಲ್ಲಿ ಭೀಮರಾಯನ ಮುಖ ಬಂತು. ಇದು ಕೆಲವರಿಗೆ ಸಹಿಸಲಿಲ್ಲ. ನಿಲ್ಲಿಸಿ ಎಂದು ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಯ ಕರೆಗಳು ಬಂದವು. ನಿಲ್ಲಿಸುವುದಿಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಕರೆಗಳ ಸುದ್ದಿ ಹಬ್ಬಿದ ಮೇಲೆ ಫ್ಲೆಕ್ಸುಗಳು ಇನ್ನೂ ಹೆಚ್ಚಾದವು.

ಇಂಥದ್ದು ಹಿಂದೆಯೂ ಒಮ್ಮೆ ಆಗಿದೆ. ರಮಾನಂದ ಸಾಗರರ ರಾಮಾಯಣ 1987ರಲ್ಲಿ ಶುರುವಾಗಿ 1988ರಲ್ಲಿ ಪಟ್ಟಾಭಿಷೇಕಕ್ಕೆ ಬಂದು ನಿಂತಿತು. ಲವಕುಶರಿಲ್ಲ, ವಾಲ್ಮೀಕಿಯ ಆಶ್ರಮವಿಲ್ಲ. ಆಗ ಪಂಜಾಬಿನ ಜಲಂಧರದ ಪೌರಕಾರ್ಮಿಕರು, ವಾಲ್ಮೀಕಿಯನ್ನು ತಮ್ಮ ಕುಲದ ಹಿರಿಯ ಎಂದು ನಂಬಿದವರು, ಪೊರಕೆ ಕೆಳಗಿಟ್ಟರು. ಮುಷ್ಕರ ಬೇರೆ ಊರಿಗೂ ಹಬ್ಬಿತು. ಆಮೇಲೆ ಉತ್ತರ ರಾಮಾಯಣದ ಕಂತುಗಳು ಬಂದವು. ಬೀದಿ ಗುಡಿಸುವವರು ಸರ್ಕಾರಿ ಟೀವಿಯ ಕಥೆಯನ್ನು ಮುಂದುವರಿಸಿದ್ದು ಈ ದೇಶದಲ್ಲಿ ಸಣ್ಣ ಸಂಗತಿಯಲ್ಲ. ಅವರು ಕೇಳಿದ್ದು ರಾಮನ ಕಥೆಯೊಳಗೆ ಒಂದು ಮೂಲೆಯ ಜಾಗ. 2020ರಲ್ಲಿ ನಮ್ಮ ಹುಡುಗರು ಫ್ಲೆಕ್ಸ್ ಕಟ್ಟಿದ್ದು ತಮ್ಮದೇ ಕಥೆಗೆ. ಮೂವತ್ತೆರಡು ವರ್ಷದಲ್ಲಿ ನಾವು ಅಷ್ಟು ದೂರ ನಡೆದಿದ್ದೇವೆ.

ಇಷ್ಟು ಹೇಳಿ ಧಾರಾವಾಹಿಯನ್ನು ಹೊಗಳಿ ಕೂರಬಹುದು. ಆದರೆ ನಮ್ಮ ಸೇರು ಇದೆಯಲ್ಲ. ಕೃತಿಯಾಗಿ ಮಹಾನಾಯಕ ನಮಗೆ ಸಾಲದು. ಒಂದು ಮಾತಿಗೆ ಮೂರು ಸಲ ಮುಖ, ಮುಖಕ್ಕೊಂದು ಗುಡುಗು. ಸೊಸೆಗೆ ವಿಷ ಹಾಕುವ ಧಾರಾವಾಹಿಗಳ ಅದೇ ಮಸಾಲೆಯಲ್ಲಿ ಅಸ್ಪೃಶ್ಯತೆಯನ್ನೂ ಅರೆದಿದ್ದಾರೆ. ಅದರಿಂದ ಏನಾಗುತ್ತದೆ ಅಂದರೆ, ಜಾತಿ ಎನ್ನುವುದು ಮೀಸೆ ತಿರುವುವ ನಾಲ್ಕು ಕೆಟ್ಟವರ ಕೆಲಸವಾಗಿಬಿಡುತ್ತದೆ. ಅವರು ಸೋತರೆ ಕಂತು ಮುಗಿಯಿತು. ಬಾಲಕ ಭೀಮನೋ ಹುಟ್ಟುತ್ತಲೇ ಎಲ್ಲ ತಿಳಿದವನು. ಪವಾಡ ಪುರುಷರನ್ನು ಒಡೆದು ಹೋದ ಮನುಷ್ಯನನ್ನು ಪವಾಡ ಪುರುಷನನ್ನಾಗಿ ಮಾಡಿಟ್ಟರೆ ಹೂವಿನ ಹಾರ ಹಾಕಲು ಅನುಕೂಲ, ಓದಲು ಅನುಕೂಲವಿಲ್ಲ.

ಅಂಬೇಡ್ಕರರೇ ತಮ್ಮ ಬಾಲ್ಯವನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ರೈಲಿಳಿಯುತ್ತಾರೆ. ಒಳ್ಳೆಯ ಬಟ್ಟೆ ಕಂಡು ಮರ್ಯಾದೆಯಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರ ಜಾತಿ ತಿಳಿದೊಡನೆ ದೂರ ಸರಿಯುತ್ತಾನೆ. ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಡಬೇಕು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂದು ಇತ್ಯರ್ಥವಾಗುತ್ತದೆ. ದಾರಿಯುದ್ದಕ್ಕೂ ಬುತ್ತಿ ಇದೆ, ಕುಡಿಯಲು ನೀರಿಲ್ಲ. ಇಲ್ಲಿ ಮೀಸೆ ತಿರುವುವವರು ಯಾರೂ ಇಲ್ಲ. ಎಲ್ಲರೂ ಸಾಧಾರಣ ಜನ. ದುಡ್ಡು ಎರಡರಷ್ಟು ತೆಗೆದುಕೊಳ್ಳಲು ಮೈಲಿಗೆ ಇಲ್ಲ, ಪಕ್ಕದಲ್ಲಿ ಕೂರಲು ಇದೆ. ಈ ಒಂದು ಲೆಕ್ಕದಲ್ಲಿ ಜಾತಿಯ ಅರ್ಥಶಾಸ್ತ್ರವೆಲ್ಲಾ ಇದೆ, ಗುಡುಗು ಬೇಡ. ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಧಾರಾವಾಹಿ ನೋಡಿ ಕಣ್ಣು ತುಂಬಿಕೊಂಡ ಮಕ್ಕಳಿಗೆ ಈ ಹತ್ತು ಪುಟ ಓದಿ ಹೇಳಿ.

ಮಹಾನಾಯಕ ಬಿಟ್ಟರೆ ಕನ್ನಡದ ಟೀವಿಯಲ್ಲಿ ನಾವೆಲ್ಲಿ? ಸಂಜೆಯ ಧಾರಾವಾಹಿಗಳಲ್ಲಿ ಜಾತಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ದೇವರ ಕೋಣೆ, ಮಡಿ, ಅಡಿಗೆಮನೆಯ ಹಿತ್ತಾಳೆ ಪಾತ್ರೆ ನೋಡಿದರೆ ಯಾರ ಮನೆ ಅಂತ ಹಸುಗೂಸಿಗೂ ಗೊತ್ತಾಗುತ್ತದೆ. ಜಾತಿಯ ಹೆಸರು ಬಾಯಿಗೆ ಬಂದದ್ದು ಬಿಗ್ ಬಾಸ್ ಮನೆಯಲ್ಲಿ. 2023ರ ನವೆಂಬರಿನಲ್ಲಿ ಒಬ್ಬ ಸ್ಪರ್ಧಿ ಒಂದು ಪರಿಶಿಷ್ಟ ಜಾತಿಯ ಹೆಸರನ್ನು ಹಗುರವಾಗಿ ಆಡಿದ್ದಕ್ಕೆ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಯಿತು. ಅಲ್ರಪ್ಪಾ, ಗಾದೆಯಲ್ಲಿ, ಬೈಗುಳದಲ್ಲಿ ಮಾತ್ರ ನಾವು ಇರಬಹುದು, ಪಾತ್ರವಾಗಿ ಮಾತ್ರ ಬೇಡವೇ?

ಮೊಬೈಲಿನಲ್ಲಿ ದುಡ್ಡು ಕಟ್ಟಿ ನೋಡುವ ಧಾರಾವಾಹಿಗಳ ಲೋಕ ಬೇರೆ. ಅಲ್ಲಿ ಈಗ ದಲಿತ ಪಾತ್ರಗಳು ಕಾಣಿಸಿಕೊಳ್ಳುತ್ತಿವೆ. 2023ರ 'ದಹಾಡ್' ನಮಗೆ ಹಿಡಿಸಿತು. ರಾಜಸ್ಥಾನದ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ ಠಾಣೆಯಲ್ಲಿ ನಡೆದು ಹೋದಾಗಲೆಲ್ಲ ಒಬ್ಬ ಪೇದೆ ಊದುಬತ್ತಿ ಹಚ್ಚುತ್ತಾನೆ. ಅವಳು ನೋಡುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ. ಅಪ್ಪ ಮಗಳ ಒಳ್ಳೆಯದಕ್ಕೆ ಅಂತ ಬದಲಿಸಿದ್ದ ಮನೆಹೆಸರನ್ನು ಕೊನೆಯಲ್ಲಿ ಮರಳಿ ಮೇಘವಾಲ್ ಎಂದು ಬರೆಸಿಕೊಳ್ಳಲು ಅರ್ಜಿ ಹಾಕುತ್ತಾಳೆ. ಭಾಷಣವಿಲ್ಲ. ಹೆಸರು ಬದಲಿಸಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮ ಎಷ್ಟೋ ಹುಡುಗರಿಗೆ ಈ ಅರ್ಜಿಯ ಬೆಲೆ ಗೊತ್ತು. ಈ ಕಥೆಯ ಕೊಲೆಗಾರ ನಮ್ಮ ದಕ್ಷಿಣ ಕನ್ನಡದ ಸಯನೈಡ್ ಮೋಹನನನ್ನು ಹೋಲುತ್ತಾನೆ. 2009ರಲ್ಲಿ ಸಿಕ್ಕಿಬಿದ್ದ ಆ ಮನುಷ್ಯ ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದವನು. ಕೊಂದದ್ದು ವರದಕ್ಷಿಣೆ ಕೊಡಲಾಗದ ಬಡ ಮನೆಯ ಹೆಣ್ಣುಮಕ್ಕಳನ್ನು. ಒಂದಾದ ಮೇಲೊಂದು ಹೆಣ್ಣು ಕಾಣೆಯಾದರೂ ವರ್ಷಗಟ್ಟಲೆ ಎಣಿಸಿ ನೋಡುವವರಿರಲಿಲ್ಲ. ಅಂಥ ಹೆಣ್ಣುಗಳನ್ನು ಎಣಿಸಲು ಒಬ್ಬ ದಲಿತ ಹೆಣ್ಣೇ ಬೇಕಾಯಿತು ಎಂಬುದು ಧಾರಾವಾಹಿಯ ಒಳಗಿನ ಮಾತು. ಅದು ನಮಗೆ ತಟ್ಟಿತು.

ಅದೇ ವರ್ಷದ 'ಮೇಡ್ ಇನ್ ಹೆವನ್' ಎರಡನೇ ಭಾಗದಲ್ಲಿ ನೀರಜ್ ಘಯ್ವಾನ್ ಮಾಡಿದ ಒಂದು ಕಂತಿದೆ. ದಲಿತ ಪ್ರಾಧ್ಯಾಪಕಿ ತನ್ನ ಮದುವೆ ಬೌದ್ಧ ರೀತಿಯಲ್ಲೂ ನಡೆಯಬೇಕೆಂದು ಹಟ ಹಿಡಿದು ನಡೆಸಿಕೊಳ್ಳುತ್ತಾಳೆ. ಬಿಳಿ ಸೀರೆ, ಬುದ್ಧ, ಬಾಬಾಸಾಹೇಬರ ಪಟ. ಹಿಂದಿಯ ಪರದೆಯಲ್ಲಿ ಇಂಥದ್ದು ಅಪರೂಪ, ನಿಜ. ಆದರೆ ಲೇಖಕಿ ಯಶಿಕಾ ದತ್, ಇದರಲ್ಲಿ ನನ್ನ ಬದುಕು, ಬರಹ ಇದೆ, ನನ್ನ ಹೆಸರಿಲ್ಲ ಎಂದರು. ತಯಾರಕರು ಒಪ್ಪಲಿಲ್ಲ. ನ್ಯಾಯ ತೀರ್ಮಾನ ನಮ್ಮ ಕೆಲಸವಲ್ಲ. ನಮ್ಮ ಅನುಭವ ಮಾರುಕಟ್ಟೆಗೆ ಬಂದ ಮೇಲೆ ಅದರ ಪಹಣಿ ಯಾರ ಹೆಸರಿನಲ್ಲಿರಬೇಕು ಎಂಬ ತಕರಾರು ಇನ್ನು ಮುಂದೆ ಹೆಚ್ಚುತ್ತದೆ, ಅಷ್ಟೆ. ಇನ್ನೊಂದು ಮಾತು. ಅಷ್ಟೊಂದು ಹೂವು, ಅಷ್ಟೊಂದು ದೀಪ. ಹಾರ ಬದಲಿಸಿಕೊಂಡು ಮಂತ್ರಮಾಂಗಲ್ಯ ಮಾಡಿಕೊಂಡ ನಮ್ಮ ಸಂಗಾತಿಗಳು ಆ ಮದುವೆಯ ಖರ್ಚು ನೋಡಿ ನಕ್ಕರು.

ಇನ್ನು ಸಾಕ್ಷ್ಯಚಿತ್ರಗಳು. 'ವೈಲ್ಡ್ ಕರ್ನಾಟಕ' ನೋಡಿದಾಗ ಬಾಯಿ ಬಿಟ್ಟುಕೊಂಡು ಕೂತೆವು. ಸುಳ್ಳು ಯಾಕೆ ಹೇಳಬೇಕು. ಹುಲಿ, ನೀರುನಾಯಿ, ಹಾರುವ ಓತಿ, ಕಾಳಿಂಗ ಸರ್ಪ, ಎಂಥಾ ಚಂದ! 2020ರ ಜನವರಿಯಲ್ಲಿ ಥಿಯೇಟರಿಗೇ ಬಂತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಮಾತಾಡಿದ್ದಾರೆ. ಅಟೆನ್‌ಬರೋ ದನಿಗೂ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಅರಣ್ಯ ಇಲಾಖೆಯ ಸಹಕಾರದಲ್ಲಿ ತೆಗೆದದ್ದು. ನಮ್ಮ ಪ್ರಶ್ನೆ ಚಿಕ್ಕದು. ಈ ಕಾಡಿನಲ್ಲಿ ಮನುಷ್ಯರು ಎಲ್ಲಿಗೆ ಹೋದರು?

ಎಲ್ಲಿಗೆ ಹೋದರು ಎಂದು ಇಲಾಖೆಗೆ ಗೊತ್ತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರನ್ನು ಪೋಡುಗಳಿಂದ ಎಬ್ಬಿಸಿ ಅಂಚಿಗೆ ತಂದು ಕೂರಿಸಿದರು. ಬೇಸಾಯ ಹೋಯಿತು, ಬೇಟೆ ಹೋಯಿತು. ಅವರು ಬೇಸಗೆಗೆ ಮುಂಚೆ ನೆಲದ ತರಗನ್ನು ಸಣ್ಣಗೆ ಸುಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ತರಗು ಸುಟ್ಟರೆ ದೊಡ್ಡ ಬೆಂಕಿ ಬರುವುದಿಲ್ಲ, ಹುಲ್ಲು ಚಿಗುರುತ್ತದೆ ಎಂಬುದು ಅವರ ಶಾಸ್ತ್ರ. ಬೆಂಕಿ ಅಪರಾಧವಾಯಿತು. ಲಂಟಾನ ಕಾಡನ್ನೇ ನುಂಗಿತು. ತರಗು ಬೆಂಕಿ ನಿಂತದ್ದೂ ಅದಕ್ಕೆ ಕಾರಣ ಎಂದು ಸೋಲಿಗರ ಹಿರಿಯರು ಹೇಳುತ್ತಲೇ ಬಂದರು, ವಿಜ್ಞಾನಿಗಳು ಆಮೇಲೆ ಕಿವಿಗೊಟ್ಟರು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಹೋರಾಡಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೇ ಸಮುದಾಯದ ಹಕ್ಕುಪತ್ರ ಪಡೆದ ದೇಶದ ಮೊದಲ ಜನ ಇವರು. ಹೀಗೆ ಕಾಡಿನ ಬಗ್ಗೆ ಯೋಚನೆ ಮಾಡಿದವರು ಚಿತ್ರಕ್ಕೆ ಬೇಕಾಗಲಿಲ್ಲ. ನವಿಲಿನ ಕುಣಿತಕ್ಕೆ ಸಿಕ್ಕ ನಿಮಿಷಗಳಲ್ಲಿ ಅರ್ಧ ನಿಮಿಷ ಒಬ್ಬ ಸೋಲಿಗರಜ್ಜನಿಗೆ ಸಿಕ್ಕಿದ್ದರೆ ಹುಲಿಗೇನೂ ನಷ್ಟವಾಗುತ್ತಿರಲಿಲ್ಲ.

ಬಂಡೀಪುರದ ಗಡಿ ದಾಟಿದರೆ ತಮಿಳುನಾಡಿನ ಮುದುಮಲೈ. ಅಲ್ಲಿನ ಆನೆ ಶಿಬಿರದ ಬೊಮ್ಮನ್, ಬೆಳ್ಳಿಯರ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ತೆಗೆದ 'ದಿ ಎಲಿಫೆಂಟ್ ವಿಸ್ಪರರ್ಸ್'ಗೆ 2023ರ ಮಾರ್ಚಿಯಲ್ಲಿ ಆಸ್ಕರ್ ಬಂತು. ಇಲ್ಲಿ ಮನುಷ್ಯರಿದ್ದಾರೆ, ಅದೂ ಒಳ್ಳೆಯ ಮನುಷ್ಯರು. ಆದರೆ ಆನೆಯನ್ನು ಸಾಕುವುದು ಅವರಿಗೆ ಬರೀ ಪ್ರೀತಿ, ಪೂಜೆ ಎಂಬಂತೆ ತೋರಿಸುತ್ತಾರೆ. ಅದು ಇಲಾಖೆಯ ನೌಕರಿಯೂ ಹೌದಲ್ಲ, ಸಂಬಳ ಎಷ್ಟು, ಕಾಡಿನ ಮೇಲೆ ಅವರ ಹಕ್ಕೇನು? ಆ ವಿಚಾರಕ್ಕೆ ಕ್ಯಾಮೆರಾ ಹೋಗುವುದಿಲ್ಲ. ಅದೇ ಆಗಸ್ಟಿನಲ್ಲಿ ಈ ದಂಪತಿ ತಮಗೆ ಬರಬೇಕಾದ್ದು ಬರಲಿಲ್ಲವೆಂದು ದೂರಿದರು, ಚಿತ್ರದವರು ಅಲ್ಲಗಳೆದರು. ಸರಿ ತಪ್ಪು ಏನೇ ಇರಲಿ, ಅವರ ಬಾಯಿಂದ ದುಡ್ಡಿನ ಮಾತು ಕೇಳಿ ನಗರದ ಪ್ರೇಕ್ಷಕರಿಗೆ ಆದ ಕಸಿವಿಸಿ ನಮಗೆ ವಿನೋದವಾಗಿ ಕಂಡಿತು. ಮುಗ್ಧರು ಲೆಕ್ಕ ಕೇಳಬಾರದು ಅಂತಲೋ ಏನೋ.

'ರೈಟಿಂಗ್ ವಿತ್ ಫೈರ್' ನಮ್ಮ ಸೇರಿಗೆ ತುಂಬಿ ಬರುವ ಚಿತ್ರ. ಉತ್ತರ ಪ್ರದೇಶದ ಬುಂದೇಲಖಂಡದಲ್ಲಿ 2002ರಲ್ಲಿ ಶುರುವಾದ 'ಖಬರ್ ಲಹರಿಯಾ' ಪತ್ರಿಕೆಯ ಹೆಣ್ಣುಮಕ್ಕಳನ್ನು ರಿಂಟು ಥಾಮಸ್, ಸುಷ್ಮಿತ್ ಘೋಷ್ ಇಬ್ಬರೂ ವರ್ಷಗಟ್ಟಲೆ ಹಿಂಬಾಲಿಸಿ ತೆಗೆದಿದ್ದಾರೆ. ಅಚ್ಚಿನ ಪತ್ರಿಕೆ ಮೊಬೈಲಿಗೆ ಬದಲಾಗುತ್ತಿದೆ. ಕೈಗೆ ಮೊಬೈಲು ಬಂದಿದೆ, ಮನೆಯಲ್ಲಿ ಕರೆಂಟಿಲ್ಲ. ಇಂಗ್ಲಿಷ್ ಅಕ್ಷರ ಕಾಣದವರಿಗೆ ಮೀರಾ ಗದರದೆ, ನಗದೆ ಹೇಳಿಕೊಡುತ್ತಾಳೆ. ಹದಿನಾಲ್ಕಕ್ಕೆ ಮದುವೆಯಾಗಿ ಆಮೇಲೆ ಎಂ.ಎ. ಮಾಡಿದ ಹೆಣ್ಣು. ಕತ್ತಿ ಹಿಡಿದು ತಿರುಗುವ ತರುಣನ ಎದುರು ಕೂತು, ದನಿ ಏರಿಸದೆ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾಳೆ. ಸುನೀತಾ ಗಣಿಯ ಸುದ್ದಿಗೆ ಹೋಗುತ್ತಾಳೆ, ಗಂಡು ವರದಿಗಾರರ ಉಪದೇಶ ಕೇಳಿಸಿಕೊಳ್ಳುತ್ತಾಳೆ, ತನ್ನ ಪ್ರಶ್ನೆ ಬಿಡುವುದಿಲ್ಲ. ಇಲ್ಲಿ ಕ್ಯಾಮೆರಾದ ಎದುರಿಗಿರುವವರ ಕೈಯಲ್ಲೂ ಕ್ಯಾಮೆರಾ ಇದೆ. ಆದ್ದರಿಂದಲೇ ಏನೋ, 2022ರಲ್ಲಿ ಚಿತ್ರ ಆಸ್ಕರ್ ಬಾಗಿಲಲ್ಲಿ ನಿಂತಿದ್ದಾಗ ಖಬರ್ ಲಹರಿಯಾದವರೇ ಹೇಳಿಕೆ ಕೊಟ್ಟರು. ಚಿತ್ರ ಶಕ್ತಿಯುತವಾಗಿದೆ, ಆದರೆ ನಾವು ಒಂದೇ ಪಕ್ಷದ ಬೆನ್ನು ಹತ್ತಿದವರೆಂಬಂತೆ ತೋರಿಸಿದ್ದು ಸರಿಯಲ್ಲ ಎಂಬುದು ಅದರ ಸಾರ. ಕೆಲವು ಗೆಳೆಯರು ಇದನ್ನು ಕೃತಘ್ನತೆ ಎಂದರು. ನಮಗೆ ಹಾಗೆ ಕಾಣುವುದಿಲ್ಲ. ನಾಳೆಯೂ ಅದೇ ಹಳ್ಳಿಗಳಿಗೆ, ಎಲ್ಲ ಪಕ್ಷದವರ ಬಾಗಿಲಿಗೆ ಹೋಗಿ ಸುದ್ದಿ ತರಬೇಕಾದವರು ಅವರು. ತಮ್ಮ ಬಗ್ಗೆ ಬಂದ ಹೊಗಳಿಕೆಯನ್ನೂ ತಿದ್ದಿ ಓದಿದ್ದು ಒಳ್ಳೆಯ ಪತ್ರಕರ್ತರ ಲಕ್ಷಣ.

ಕೊನೆಗೆ ತಮಿಳಿನ 'ಕಕ್ಕೂಸ್'. ಅರ್ಥ ಹೇಳಬೇಕಿಲ್ಲ, ನಮ್ಮ ಕಕ್ಕಸೇ. ದಿವ್ಯಭಾರತಿ 2017ರಲ್ಲಿ ತಂದ ಚಿತ್ರ. ಮದುರೈಯಲ್ಲಿ ಗುಂಡಿಗಿಳಿದು ಸತ್ತ ಇಬ್ಬರಿಂದ ಶುರುವಾದ ಹುಡುಕಾಟ ತಮಿಳುನಾಡಿನುದ್ದಕ್ಕೂ ಹೋಗುತ್ತದೆ. ಇದರಲ್ಲಿ ಕಲೆಗಾರಿಕೆ ಹುಡುಕಬೇಡಿ, ಮೂಗು ಮುಚ್ಚಿಕೊಳ್ಳದೆ ನೋಡಿ. ಮಲ ಬಾಚುವುದನ್ನು ಹತ್ತಿರದಿಂದ, ನಾವು ಕಣ್ಣು ತಿರುಗಿಸುವಷ್ಟು ಹೊತ್ತು ತೋರಿಸುತ್ತಾಳೆ. 1993ರಲ್ಲೊಂದು, 2013ರಲ್ಲೊಂದು ಕಾಯ್ದೆ ಬಂದ ದೇಶ ಇದು. ಇಲ್ಲೂ ಕಣ್ಣೀರಿದೆ, ಸತ್ತವರ ಹೆಂಡಿರ ಕಣ್ಣೀರು. ಆದರೆ ಕೆಲಸಗಾರರು ಅತ್ತು ಸುಮ್ಮನಾಗುವುದಿಲ್ಲ. ಕೂಲಿ, ಕಂಟ್ರಾಕ್ಟು, ಗ್ಲೌಸಿಲ್ಲದ ಕೈ, ಇದೇ ಜಾತಿಗೆ ಇದೇ ಕೆಲಸ ಯಾಕೆ ಎಂಬುದೆಲ್ಲವನ್ನೂ ಒಂದೊಂದಾಗಿ ಮುಂದಿಡುತ್ತಾರೆ. ಪ್ರದರ್ಶನಗಳಿಗೆ ಪೊಲೀಸರು ಅಡ್ಡ ಬಂದರು. ದಿವ್ಯಭಾರತಿಯನ್ನು ಅದೇ ವರ್ಷ ಹಳೆಯ ಕೇಸೊಂದರಲ್ಲಿ ಬಂಧಿಸಿದರು, ಫೋನಿನಲ್ಲಿ ಹೊಲಸು ಬೆದರಿಕೆಗಳು ಬಂದವು. ಚಿತ್ರ ಯೂಟ್ಯೂಬಿಗೆ ಹೋಯಿತು, ಲಕ್ಷಾಂತರ ಜನ ನೋಡಿದರು.

ನೋಡುವಾಗ ನಮಗೆ ಸವಣೂರು ನೆನಪಾಗದೆ ಇರಲಿಲ್ಲ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಬಹುಕಾಲದಿಂದ ಬಾಳಿದ ಜಾಗ ಬಿಡಿ ಎಂದದ್ದಕ್ಕೆ ಆ ಪ್ರತಿಭಟನೆ. ಟೀವಿಗಳು ಓಡಿ ಬಂದವು. ಆ ದೃಶ್ಯ ಇಡೀ ರಾಜ್ಯಕ್ಕೆ ನೆನಪಿದೆ. ಜಾಗದ ತಕರಾರು ಎಷ್ಟು ಜನಕ್ಕೆ ನೆನಪಿದೆ? ಸುದ್ದಿಯ ಕ್ಯಾಮೆರಾಕ್ಕೂ ದಿವ್ಯಭಾರತಿಯ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ಇಷ್ಟೇ. ಒಂದು ಮಲ ನೋಡಿ ಹೋಯಿತು, ಇನ್ನೊಂದು ನಿಂತು ಮಾತು ಕೇಳಿಸಿಕೊಂಡಿತು.

'ಕಕ್ಕೂಸ್' ತಮಿಳಿನಲ್ಲಿದೆ. ಕೋಲಾರ, ಕೆಜಿಎಫ್, ಚಾಮರಾಜನಗರದ ಕಡೆ ತಮಿಳು ಬಲ್ಲ ಗೆಳೆಯರು ಬೇಕಾದಷ್ಟಿದ್ದಾರೆ. ಪೌರಕಾರ್ಮಿಕರ ಕಾಲೋನಿಯಲ್ಲಿ ಒಂದು ಬಿಳಿ ಪಂಚೆ ಕಟ್ಟಿ ತೋರಿಸುವುದಾದರೆ ಪಕ್ಕದಲ್ಲಿ ಅಂಥವರೊಬ್ಬರನ್ನು ನಿಲ್ಲಿಸಿಕೊಳ್ಳಿ. ನಡುನಡುವೆ ನಿಲ್ಲಿಸಿ, ಆಡಿದ ಮಾತು ಕನ್ನಡಕ್ಕೆ ತಿರುಗಿಸಿ ಹೇಳಲಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನೋಡುವವರು ನಡುವೆ ಬಾಯಿ ಹಾಕಿದರೆ ಚಿತ್ರ ನಿಲ್ಲಿಸಿ ಅವರನ್ನೇ ಮಾತಾಡಲು ಬಿಡಿ.