ಕನ್ನಡನಾಡಿನ ಶಿಲ್ಪದಲ್ಲಿ ಬಾಲ್ಯದ ನಿರೂಪಣೆ

ಮಧ್ಯಯುಗದ ಐರೋಪ್ಯ ಚಿತ್ರಕಾರರು ಬಾಲ್ಯವನ್ನು ಪ್ರತ್ಯೇಕವಾದ ಅವಸ್ಥೆಯೆಂದು ಅರಿಯದೆ, ಮಗುವನ್ನು ಕುಳ್ಳಾದ ಪ್ರೌಢನಂತೆ ಬರೆದರೆಂದು ಫ್ರೆಂಚ್ ಇತಿಹಾಸಜ್ಞರಾದ ಫಿಲಿಪ್ ಆರಿಯೆಸ್ ಅವರು 1960ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಈ ಮತವು ಬಳಿಕ ಅನೇಕ ಆಕ್ಷೇಪಗಳಿಗೆ ಗುರಿಯಾಯಿತು. ಕನ್ನಡನಾಡಿನ ಶಿಲ್ಪಕ್ಕೆ ಇದು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ನವನೀತಕೃಷ್ಣನ ಮೂರ್ತಿಯೇ ಈ ಮತಕ್ಕೆ ಮೊದಲನೆಯ ಬಾಧಕ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ನೋಡಿದವರಿಗೆ, ಪ್ರೌಢದೇಹವನ್ನು ಕಿರಿದುಮಾಡಿದ ಮಾತ್ರಕ್ಕೆ ಆ ಭಂಗಿ ಸಿದ್ಧಿಸಲಾರದೆಂಬುದು ವಿದಿತವಾಗದಿರದು. ಶಿಲ್ಪಿಗೆ ಕೂಸಿನ ಮೈಯ ಪರಿಚಯವು ಚೆನ್ನಾಗಿಯೇ ಇದ್ದಿತು.

ಆದರೆ ಶಿಲ್ಪಿಯು ಕಂಡ ಮಗುವು ದೇವರ ಹೆಸರನ್ನು ಹೊತ್ತೇ ಕಲ್ಲಿಗೆ ಇಳಿಯಿತು. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ಕ್ರಿ. ಶ. 1196ರಲ್ಲಿ ನಿರ್ಮಿತವಾದ ಅಮೃತಾಪುರದ ಅಮೃತೇಶ್ವರ ದೇವಾಲಯದ ಉತ್ತರದ ಗೋಡೆಯಲ್ಲಿ ಕೃಷ್ಣಕಥೆಗೆ 25 ಫಲಕಗಳು ಮೀಸಲಾಗಿವೆ. 1268ರ ಸೋಮನಾಥಪುರದ ಪಟ್ಟಿಕೆಗಳಲ್ಲಿಯೂ ಭಾಗವತಕ್ಕೆ ಸ್ಥಾನವುಂಟು. ಆ ಕಥೆಯಲ್ಲಿ ಪೂತನಿಯ ಸಂಹಾರವೇ ಮೊದಲಾದ ಅದ್ಭುತಗಳಿಂದ ಬಾಲ್ಯವು ಪರಾಕ್ರಮದ ಪೀಠಿಕೆಯಾಗುತ್ತದೆ. ಕೃಷ್ಣದೇವರಾಯನು 1514ರಲ್ಲಿ ಉದಯಗಿರಿಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಹಂಪೆಯಲ್ಲಿ ಪ್ರತಿಷ್ಠೆಮಾಡಿಸಿದನು. ಆ ವಿಗ್ರಹವು ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಬೆಣ್ಣೆಯನ್ನು ಬಯಸುವ ಕೂಸು ಇಲ್ಲಿ ಯುದ್ಧದ ವಿಜಯಚಿಹ್ನೆಯಾಯಿತು.

ಹಾಗಾದರೆ ಒಕ್ಕಲ ಮನೆಯ ಮಗುವೆಲ್ಲಿ? ದೊಡ್ಡಬೆಳವಂಗಲವು ಸೇರಿರುವ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಇದಕ್ಕೊಂದು ಉತ್ತರವುಂಟು. ಸಂತಾನಾಪೇಕ್ಷೆಯಿಂದ ಹರಸಿಕೊಂಡ ದಂಪತಿಗಳು ಪ್ರತಿಷ್ಠೆಮಾಡಿಸಿದ ನಾಗರಕಲ್ಲುಗಳು ಅಲ್ಲಿ ಸಾಲಾಗಿ ನಿಂತಿವೆ. ಕಲ್ಲಿನಲ್ಲಿ ಮೂಡಿರುವುದು ಹೆಡೆಯೆತ್ತಿದ ನಾಗನು. ಬಯಸಿದ ಮಗುವು ಅಲ್ಲಿ ಆಕಾರವನ್ನು ತಾಳದೆ, ಅಭೀಷ್ಟವಾಗಿ ಮಾತ್ರ ಇದೆ. ದೊಡ್ಡಮಳೂರಿನಲ್ಲಿ ಹರಕೆಯಾಗಿ ಒಪ್ಪಿಸುವ ತೊಟ್ಟಿಲ ಅರ್ಥವೂ ಇದೇ. ಅರಸನಿಗೆ ಕೃಷ್ಣನಾದ ಮಗುವು ಒಕ್ಕಲಿಗನಿಗೆ ಬರಿದಾದ ತೊಟ್ಟಿಲಾಗಿದೆ.

ಆದುದರಿಂದ ಆರಿಯೆಸರ ಮತವನ್ನು ಇಡಿಯಾಗಿ ಒಪ್ಪಲೂ ಆಗದು, ಇಡಿಯಾಗಿ ತಳ್ಳಲೂ ಆಗದು. ಮಗುವಿನ ಮೈಯನ್ನು ಬಲ್ಲುದು ಬೇರೆ, ಸಾಮಾನ್ಯನ ಮಗುವನ್ನು ಚಿತ್ರಣಯೋಗ್ಯವೆಂದು ಬಗೆಯುವುದು ಬೇರೆ. ನಮ್ಮ ಶಿಲ್ಪದಲ್ಲಿ ಮೊದಲನೆಯದು ಸಮೃದ್ಧವಾಗಿದೆ, ಎರಡನೆಯದು ವಿರಳ. ಆದರೆ ಆ ವಿರಳತೆಯಿಂದ ಜನರಿಗೆ ಮಕ್ಕಳಲ್ಲಿ ಅಕ್ಕರೆಯಿರಲಿಲ್ಲವೆಂದು ಊಹಿಸುವುದು ತರವಲ್ಲ. ಘಾಟಿಯ ಕಲ್ಲುಗಳೇ ಆ ಊಹೆಯನ್ನು ಅಲ್ಲಗಳೆಯುತ್ತವೆ. ಬಾಲ್ಯದ ಇತಿಹಾಸವನ್ನು ಬೋಧಿಸುವವರು ದೇವಾಲಯದ ಫಲಕಗಳೊಡನೆ ಈ ಹರಕೆಯ ಕಲ್ಲುಗಳನ್ನೂ ಸಾಕ್ಷ್ಯವೆಂದು ಪರಿಗಣಿಸುವುದು ಅವಶ್ಯಕ.