ನೀರುನಾಯಿಯ ಬೇಟೆ

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ದಂಡೆಯ ಊರು. ಈ ನದಿ ಮತ್ತು ದಕ್ಷಿಣದ ತುಂಗಭದ್ರೆಯ ಸೀಮೆಯಲ್ಲಿ ಮೀನಿಗೆ ಇಬ್ಬರು ದೊಡ್ಡ ಬೇಟೆಗಾರರಿದ್ದಾರೆ: ಮೊಸಳೆ ಮತ್ತು ನೀರುನಾಯಿ.

ನೀರುನಾಯಿಯ ಬೇಟೆ ನಿಜಕ್ಕೂ ಬೆರಗಿನದು. ಕುಟುಂಬವೆಲ್ಲ ಸಾಲುಗಟ್ಟಿ, ಬಾಗಿದ ಬಲೆಯಂತೆ ಈಜುತ್ತ ಮೀನನ್ನು ದಂಡೆಯ ಕಡೆ ಅಟ್ಟುತ್ತದೆ. ಕೆಸರು ನೀರಿನಲ್ಲಿ ಕಣ್ಣು ಸೋತಾಗ ಮೀಸೆಗಳು ಮೀನಿನ ಸುಳಿವು ಹಿಡಿಯುತ್ತವೆ. ಜಾಲಪಾದ ನೀರನ್ನು ತಳ್ಳಿದರೆ ಚಪ್ಪಟೆ ಬಾಲ ವೇಗ ಕೊಡುತ್ತದೆ. ಬಿಸಿರಕ್ತದ ಚುರುಕು ಜೀವವಾದ್ದರಿಂದ ದಿನವೂ ಹೊಟ್ಟೆ ತುಂಬಲೇಬೇಕು. ಮೊಸಳೆಯದು ಬೇರೆ ಲೆಕ್ಕ: ತಣ್ಣನೆಯ ಮೈ, ಅಲುಗಾಡದ ಹೊಂಚು, ಒಂದು ಊಟದ ಮೇಲೆ ವಾರಗಟ್ಟಲೆ ಉಪವಾಸ. ಅಗಿಯಲು ಬಾರದ ಅದು ದೊಡ್ಡ ಬೇಟೆಯನ್ನು ಕಚ್ಚಿ, ಮೈ ಉರುಳಿಸಿ ಹರಿಯುತ್ತದೆ. ಹಸಿವಿನ ಈ ಅಂತರ ಒಂದೇ ಮಡುವಿನಲ್ಲಿ ಇಬ್ಬರಿಗೂ ಎಡೆ ಮಾಡಿಕೊಡುತ್ತದೆ. ಆದರೂ ಒಂಟಿಯಾದ ನೀರುನಾಯಿ ಮರಿ ಮೊಸಳೆಗೆ ತುತ್ತಾಗಬಹುದು. ಗುಂಪೇ ಅದಕ್ಕೆ ಕಾವಲು.

ಉತ್ತರ ಧ್ರುವದ ಸುತ್ತಲಿನ ಹಿಮಸೀಮೆಯ ವುಲ್ವರಿನ್ ನೀರುನಾಯಿಯ ವಂಶದ್ದೇ ಪ್ರಾಣಿ. ಅದು ಒಂಟಿ, ತೋಳಗಳು ಕೊಂದ ಜಿಂಕೆಯ ಮೇಲೂ ಹಕ್ಕು ಹೂಡುತ್ತದೆ, ಎಲುಬು ಪುಡಿ ಮಾಡುತ್ತದೆ, ಉಳಿದ ಮಾಂಸವನ್ನು ಹಿಮದಲ್ಲಿ ಹೂಳುತ್ತದೆ. ಬಿಸಿಲ ನಾಡಿನಲ್ಲಿ ಮಾಂಸ ಕೂಡಿಡಲಾಗದು. ನೀರುನಾಯಿ ಹಿಡಿದದ್ದನ್ನು ಬಂಡೆಯ ಮೇಲೆ ಅಂದೇ ತಿಂದು ಮುಗಿಸುತ್ತದೆ. ಅಲ್ಲೇ ಹಿಕ್ಕೆ ಹಾಕಿ ತನ್ನ ಗಡಿಯನ್ನು ವಾಸನೆಯಿಂದ ಸಾರುತ್ತದೆ.

2015ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹರಿವು ನೀರುನಾಯಿ ಸಂರಕ್ಷಣಾ ಮೀಸಲಾಯಿತು. ಮರಳು ಬಗೆತ ಮತ್ತು ಸಿಡಿಮದ್ದಿನ ಮೀನುಗಾರಿಕೆ ನೀರುನಾಯಿಯ ಬಿಲವನ್ನೂ ಊಟವನ್ನೂ ಕಸಿಯುತ್ತವೆ.