ಮೊದಲ ಮನೆಗಲ್ಲ, ಮೊದಲ ಮಾರಾಟಕ್ಕೆ

ಮುದ್ರಾಂಕ ಶುಲ್ಕದಲ್ಲಿ ಕರ್ನಾಟಕ ಕೊಟ್ಟ ರಿಯಾಯಿತಿಗೆ ಅದರ ಯೋಗ್ಯತೆಗಿಂತ ದೊಡ್ಡ ಹೆಸರು ಬಂದಿದೆ. 2020ರ ಮಾರ್ಚ್ ಬಜೆಟ್ಟಿನಲ್ಲಿ ಯಡಿಯೂರಪ್ಪನವರು 20 ಲಕ್ಷದೊಳಗಿನ ಹೊಸ ಫ್ಲಾಟಿಗೆ ಶೇ 5ರ ಶುಲ್ಕವನ್ನು 2ಕ್ಕೆ ಇಳಿಸುವುದಾಗಿ ಹೇಳಿದರು. ಅದೇ ವರ್ಷ 35 ಲಕ್ಷದವರೆಗೆ ಶೇ 3 ಆಯಿತು, 2021ರಲ್ಲಿ ಆ ಮಿತಿ 45 ಲಕ್ಷಕ್ಕೇರಿತು. ಅಂದಿನಿಂದ ಇದು ಬಡವರ ಮೊದಲ ಮನೆಗೆ ಸಿಕ್ಕ ಆಸರೆಯೆಂದು ಕೊಂಡಾಡಿಸಿಕೊಳ್ಳುತ್ತಿದೆ. ಬಸವಕಲ್ಯಾಣ ತಾಲೂಕಿನ ಮುಡಬಿಯಲ್ಲಿ ಕೂತು ಓದಿದರೆ ಆ ಹೊಗಳಿಕೆ ನಿಲ್ಲುವುದಿಲ್ಲ.

ಎಲ್ಲವೂ ಒಂದು ಷರತ್ತಿನಲ್ಲಿದೆ: ಹೊಸ ಫ್ಲಾಟಿನ ಮೊದಲ ನೋಂದಣಿಗೆ ಮಾತ್ರ. ಕೊಳ್ಳುವವನಿಗೆ ಇದು ಮೊದಲ ಮನೆಯೋ ಐದನೆಯದೋ ಎಂದು ಕಾನೂನು ಕೇಳುವುದೇ ಇಲ್ಲ. ಬಿಲ್ಡರನ ಕೈಯಿಂದ ಫ್ಲಾಟು ಮೊದಲ ಸಲ ಹೊರಬಿದ್ದರೆ ಸಾಕು. ಬಾಡಿಗೆಗೆ ಬಿಡಲೆಂದು ಮೂರನೇ ಫ್ಲಾಟು ಕೊಳ್ಳುವವನೂ ಒಳಗೆ. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದು ಹಳೆಯ ಮನೆಯೊಂದನ್ನು ಕೊಳ್ಳುವ ಶಿಕ್ಷಕಿ ಹೊರಗೆ. ಮುಡಬಿಯಂಥ ಊರಲ್ಲಿ ಜನ ಕೊಳ್ಳುವುದು ಪ್ಲಾಟು, ಇಲ್ಲವೇ ಯಾರೋ ಬಿಟ್ಟುಹೋದ ಹಳೆಯ ಮನೆ. ಅವರಿಗೆ ಪೂರ್ತಿ ಶೇ 5.

ಲೆಕ್ಕ ಹಾಕೋಣ. 19 ಲಕ್ಷದ ಹೊಸ ಫ್ಲಾಟಿಗೆ ಮುದ್ರಾಂಕ ಶುಲ್ಕ 38,000 ರೂಪಾಯಿ. 8 ಲಕ್ಷದ ಪ್ಲಾಟಿಗೆ 40,000. ಪ್ಲಾಟು ಕೊಂಡವನು ಮುಂದೆ ಕಟ್ಟುವ ಮನೆಗೆ ಈ ಶುಲ್ಕವಿಲ್ಲವಲ್ಲ ಎಂಬ ವಾದ ಇದೆ, ಅದು ನಿಜವೂ ಹೌದು. ಹಾಗಾದರೆ ಅವನು 11 ಲಕ್ಷ ಹಾಕಿ ಮನೆ ಕಟ್ಟಲಿ. ಒಟ್ಟು ವೆಚ್ಚ ಅದೇ 19 ಲಕ್ಷ. ಆದರೂ ಅವನು ತೆತ್ತದ್ದೇ ಎರಡು ಸಾವಿರ ಹೆಚ್ಚು. ಶುಲ್ಕದ ಮೇಲೆ ಶೇ 10ರ ಸೆಸ್ ಎಲ್ಲರಿಗೂ ಒಂದೇ. ಸರ್‌ಚಾರ್ಜ್ ಮಾತ್ರ ನಗರದಲ್ಲಿ ಶೇ 2, ಹಳ್ಳಿಯಲ್ಲಿ ಶೇ 3. ಮೊತ್ತ ಸಣ್ಣದಿರಬಹುದು, ಹಳ್ಳಿಯವನಿಂದ ಹೆಚ್ಚು ಕೇಳುವ ಆ ಮನಸ್ಸನ್ನು ನಾನು ಒಪ್ಪಲಾರೆ.

ಇನ್ನು ನಮ್ಮ ವಿಶ್ಲೇಷಕರ ವಿಷಯ. ಆಸ್ತಿ ಪುರವಣಿಗಳೂ ಗೃಹಸಾಲ ಮಾರುವವರೂ ‘20 ಲಕ್ಷದವರೆಗೆ ಶೇ 2’ ಎಂಬ ಕೋಷ್ಟಕವನ್ನು ಷರತ್ತು ಬಿಟ್ಟು ಅಚ್ಚು ಹಾಕುತ್ತಾರೆ. ಅದನ್ನು ನಂಬಿ ದುಡ್ಡು ಹೊಂದಿಸಿಕೊಂಡು ಹೋದವರಿಗೆ ಚಾಲಾನ್ ಕೈಗೆ ಬಂದಾಗಲೇ ನಿಜ ತಿಳಿಯುವುದು. ಬೆಂಗಳೂರಿನ ಟೀಕಾಕಾರರದ್ದು ಇನ್ನೊಂದು ರಾಗ: 45 ಲಕ್ಷಕ್ಕೆ ಫ್ಲಾಟು ಎಲ್ಲಿ ಸಿಗುತ್ತದೆ, ಮಿತಿ ಏರಿಸಿ. ಮಿತಿ ಎಷ್ಟೇ ಏರಲಿ, ಫ್ಲಾಟೇ ಇಲ್ಲದ ಊರಿಗೆ ಅದರಿಂದ ಏನೂ ಬರುವುದಿಲ್ಲ. ಮಿತಿಯ ಬಗ್ಗೆ ಇಷ್ಟು ಬರೆದವರು ಷರತ್ತಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ ಎಂಬುದೇ ನನ್ನ ಜಗಳ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆದಾಗಲೂ ಚರ್ಚೆ ನೆರೆರಾಜ್ಯಗಳ ಶೇಕಡಾವಾರು ಹೋಲಿಕೆಯಲ್ಲೇ ಮುಗಿಯಿತು. 8 ಲಕ್ಷದ ಪ್ಲಾಟಿನ ಒಟ್ಟು ಖರ್ಚು ಈಗ 61,200. ಇಷ್ಟು ಹೊಂದದೆ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಸುಮ್ಮನಾದರೆ ಹಕ್ಕು ವರ್ಗವಾಗುವುದಿಲ್ಲ, ಹೆಸರು ಬದಲಾಗುವುದಿಲ್ಲ, ಬ್ಯಾಂಕ್ ಸಾಲವೂ ಇಲ್ಲ.

ಮೊದಲ ಸಲ ಕೊಳ್ಳುವವರನ್ನು ಗುರುತಿಸುವುದು ಕಷ್ಟವೆಂಬ ನೆಪವೂ ನಡೆಯದು. ಆದಾಯ ತೆರಿಗೆಯ 80ಇಇಎ ಕಲಮು ಸಾಲ ಮಂಜೂರಾದ ದಿನ ಹೆಸರಲ್ಲಿ ಬೇರೆ ಮನೆ ಇರಬಾರದು ಎಂದು ಕೇಳಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2023ರ ಜುಲೈಯಿಂದ 8 ಲಕ್ಷ ಡಾಲರಿನವರೆಗಿನ ಮೊದಲ ಮನೆಗೆ ವರ್ಗಾವಣೆ ಶುಲ್ಕವನ್ನೇ ಬಿಟ್ಟಿದೆ, ಮನೆ ಹಳೆಯದಾದರೂ ಸರಿ. ಅಷ್ಟು ದೂರ ಹೋಗಬೇಕಿಲ್ಲ. ಬಸವಕಲ್ಯಾಣದ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ 2021ರಿಂದ ಮಹಿಳೆ ತನ್ನ ಹೆಸರಿಗೆ ಮನೆ ಕೊಂಡರೆ ಶೇ 1 ಕಡಿಮೆ. ರಿಯಾಯಿತಿ ಅಲ್ಲಿ ಕೊಳ್ಳುವವಳನ್ನು ನೋಡುತ್ತದೆ, ಇಲ್ಲಿ ಕಟ್ಟಡವನ್ನು. ನಮ್ಮ ಷರತ್ತಿನಿಂದ ‘ಹೊಸ ಫ್ಲಾಟು’ ತೆಗೆದು ‘ಬೇರೆ ಮನೆಯಿಲ್ಲದ ಕುಟುಂಬ’ ಎಂದು ಬರೆದರೆ ಮುಡಬಿಯ ಆ 40,000 ಒಮ್ಮೆಗೇ 16,000ಕ್ಕೆ ಇಳಿಯುತ್ತದೆ.